ಉಗುರು ನೋಡುತ್ತಿದ್ದ ಚಾಚಾ

ಮೊನ್ನೆ ಮೊಣಕಾಲಿನ ಆಪರೇಷನ್ನಿಗೆ ಅಂತ ಆಸ್ಪತ್ರೆಯಲ್ಲಿ ಮಲಗಿದ್ದೆ. ಚಿಕ್ಕ ವಯಸ್ಸಿನ ನರ್ಸೊಬ್ಬಳು ಬಂದು, ಒಣಹಾಕಿದ ಬಟ್ಟೆಗೆ ಸಿಕ್ಕಿಸುತ್ತೇವಲ್ಲ, ಅಂಥ ಕ್ಲಿಪ್ಪೊಂದನ್ನು ನನ್ನ ಬೆರಳಿಗೆ ಸಿಕ್ಕಿಸಿದಳು. ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ಹೇಳುವ ಪಕ್ಕದ ಪೆಟ್ಟಿಗೆ ಟಿಣ್ ಟಿಣ್ ಅಂತ ಶುರುಮಾಡಿತು. ಪೆಟ್ಟಿಗೆ ನೋಡಿದಳು, ಅಂಕಿ ಬರೆದುಕೊಂಡಳು, ಹೊರಟಳು. ನನ್ನ ಮುಖದ ಕಡೆ ಒಮ್ಮೆ ಕಣ್ಣೆತ್ತಿ ನೋಡಿದ್ದರೆ ಕೇಳಿ! ಮೂವತ್ತೈದು ವರ್ಷ ನರ್ಸಾಗಿ ಸವೆದವಳು ನಾನು, ಸಿಟ್ಟು ನೆತ್ತಿಗೇರಿತು. "ಏನೇ ತಾಯಿ, ಆ ಪೆಟ್ಟಿಗೆ ಕೆಟ್ಟರೆ ನಾನು ಸತ್ತೆನೋ ಬದುಕಿದೆನೋ ಯಾರನ್ನ ಕೇಳ್ತೀ?" ಅಂದೆ. ಅವಳು ನಕ್ಕು ಹೋದಳು. ಮುದುಕಿಯ ವಟವಟ ಅಂದುಕೊಂಡಿರಬೇಕು.

ನಿಜ ಹೇಳಬೇಕೆಂದರೆ ಅದು ಅವಳ ಮೇಲಿನ ಸಿಟ್ಟಲ್ಲ. ನನ್ನ ಮೇಲಿನದೇ, ಹಳೆಯದು. ಆ ಪೆಟ್ಟಿಗೆಯೆಲ್ಲ ಬರುವ ಮೊದಲು ಅದರ ಕೆಲಸವನ್ನು ಬರಿಗಣ್ಣಿನಿಂದ ಮಾಡುತ್ತಿದ್ದವರೊಬ್ಬರು ನಾಲ್ಕೈದು ವರ್ಷ ನನ್ನ ಮಗ್ಗುಲಲ್ಲೇ ನಿಂತಿದ್ದರು. ಅವರ ಹೆಸರು ಬರೆಯುವುದಿಲ್ಲ. ಬರೆಯುವ ಯೋಗ್ಯತೆ ನನಗಿಲ್ಲ. ಇಡೀ ಆಸ್ಪತ್ರೆ ಅವರನ್ನು ಚಾಚಾ ಅನ್ನುತ್ತಿತ್ತು, ನಾನೂ ಹಾಗೇ ಅನ್ನುತ್ತೇನೆ.

ಇಸವಿ ಅರವತ್ತೆಂಟೋ ಅರವತ್ತೊಂಬತ್ತೋ ಇರಬೇಕು. ಗದಗಿನ ಕಡೆಯಿಂದ ಬಂದು ಮುಂಬಯಿಯ ಒಂದು ದೊಡ್ಡ ಆಸ್ಪತ್ರೆಯ ಎದೆರೋಗದ ವಿಭಾಗಕ್ಕೆ ಸೇರಿದ್ದೆ. ಮಾಟುಂಗಾದಲ್ಲಿ ಇನ್ನಿಬ್ಬರು ನರ್ಸುಗಳ ಜೊತೆ ಒಂದು ಖೋಲಿ. ಮೊದಲನೇ ದಿನವೇ ಲಿಫ್ಟಿನ ಬಾಗಿಲಲ್ಲಿ ಖಾಕಿ ಅಂಗಿಯ ಗಿಡ್ಡ ಮನುಷ್ಯರೊಬ್ಬರು ತಮ್ಮಷ್ಟೇ ಎತ್ತರದ ಆಕ್ಸಿಜನ್ ಸಿಲಿಂಡರಿನ ಜೊತೆ ಜಗಳಕ್ಕೆ ನಿಂತಿದ್ದರು. ಅದು ಹೊಸ್ತಿಲಲ್ಲಿ ಸಿಕ್ಕಿಕೊಂಡಿತ್ತು. "ಬಾರಲೇ ಖೋಡಿ, ನಿನ್ನ ಹೊತ್ತು ಹೊತ್ತು ನನ್ನ ಬೆನ್ನ ಬಾಗಿತು, ನಿನ್ನ ಸೊಕ್ಕ ಮಾತ್ರ ಇಳಿವಲ್ದು!"

ಆ ಊರಲ್ಲಿ ಅಷ್ಟು ಅಚ್ಚುಕಟ್ಟಾದ ಬೈಗುಳ ಕೇಳಿ ನನಗೆ ನಗು ತಡೆಯಲಾಗಲಿಲ್ಲ. ತಿರುಗಿ ನೋಡಿದರು.

"ಯಾವೂರವ್ವಾ?"

"ಗದಗ ಕಡೇವ್ರಿ."

"ನಾ ಬಿಜಾಪುರದಾಂವ. ಆತು ಬಿಡು, ಇಷ್ಟ ದಿನಾ ಇವಕ್ಕ ಬೈದ್ರ ತಿಳಿಯೂ ಮಂದಿ ಇರಲಿಲ್ಲ. ಇನ್ನ ಬೈಯಾಕ ಹುರುಪ ಬರ್ತದ."

ಕುರ್ಲಾದ ಒಂದು ಚಾಳಿನಲ್ಲಿ ಅವರ ಸಂಸಾರ. ಮನೆಯಲ್ಲಿ ದಖ್ಖನಿ, ವಾರ್ಡಿನಲ್ಲಿ ಹಿಂದಿ ಮರಾಠಿ, ನನ್ನ ಹತ್ತಿರ ಮತ್ತು ಸಿಲಿಂಡರುಗಳ ಹತ್ತಿರ ಕನ್ನಡ. ಸೊಂಟಕ್ಕೆ ಸುತಳಿ ದಾರ ಕಟ್ಟಿ ಅದರಲ್ಲಿ ಸಿಲಿಂಡರ್ ತಿರುಗಿಸುವ ಒಂದು ಪಾನಾ ತೂಗಿಬಿಟ್ಟಿರುತ್ತಿದ್ದರು. ಕೆಲಸದ ದಿನ ತಲೆಗೆ ಎಣ್ಣೆ ಹಚ್ಚುತ್ತಿರಲಿಲ್ಲ. ಆಕ್ಸಿಜನ್ ಇದ್ದಲ್ಲಿ ಎಣ್ಣೆಯ ಪಸೆ ಇದ್ದರೆ ಬೆಂಕಿ ಹೊತ್ತಿಕೊಳ್ಳುತ್ತದೆ ಎಂದು ಎಂದೋ ಯಾರೋ ಹೇಳಿದ್ದನ್ನು ಗಟ್ಟಿಯಾಗಿ ಹಿಡಿದಿದ್ದರು. ಹೇಳಿದ್ದು ನಿಜವೇ. ಆದರೆ ಅದನ್ನು ಪಾಲಿಸುತ್ತಿದ್ದವರು ಅವರೊಬ್ಬರೇ. ನನ್ನ ಜಡೆ ಮೂಸಿ ನೋಡಿದವರಂತೆ ಮೂಗು ಮುರಿದು, "ಸಿಸ್ಟರ್‌ಬಾಯಿ, ಕೊಬ್ರಿ ಎಣ್ಣಿ ಹಚ್ಚಿದ ಕೈಲೆ ಆಕ್ಸಿಜನ್ ಮೀಟರ್ ಮುಟ್ಟಬ್ಯಾಡ್ರಿ. ನಿಮಗ ಜಡಿ ಉದ್ದ ಬೇಕೋ, ಆಯುಷ್ಯ ಉದ್ದ ಬೇಕೋ?" ಅನ್ನುತ್ತಿದ್ದರು. ದೊಡ್ಡ ದೊಡ್ಡ ಡಾಕ್ಟರುಗಳಿಗೂ ಇದೇ ಮಾತು. ಅವರಿಗೆ ಇದರಿಂದ ಉರಿಯುತ್ತಿತ್ತು.

ಅವರ ನಿಜವಾದ ವಿದ್ಯೆ ಬೇರೆ. ಬ್ರಾಂಕೋಸ್ಕೋಪಿ ಅಂದರೆ ಬಾಯಿಯ ಮೂಲಕ ಶ್ವಾಸನಾಳಕ್ಕೆ ಕೊಳವೆ ಇಳಿಸಿ ಒಳಗೆ ನೋಡುವುದು. ಡಾಕ್ಟರರ ಕಣ್ಣು ಕೊಳವೆಗೆ ಅಂಟಿರುತ್ತದೆ, ರೋಗಿಗೆ ಮಂಪರಿನ ಇಂಜೆಕ್ಷನ್ ಆಗಿರುತ್ತದೆ. ಉಸಿರು ಕಮ್ಮಿಯಾದರೆ 'ಕಮ್ಮಿಯಾಯಿತು' ಎಂದು ಹೇಳಲು ಅವನಿಗೆ ಬಾಯಿಯೂ ಇಲ್ಲ, ಎಚ್ಚರವೂ ಇಲ್ಲ. ಆಗ ಅವನ ಪರವಾಗಿ ಹೇಳುವವರು ಚಾಚಾ. ತಲೆಯ ಹತ್ತಿರ ನಿಂತು, ರೋಗಿಯ ಕೈ ಎತ್ತಿ, ಅವನ ಹೆಬ್ಬೆರಳಿನ ಉಗುರಿನ ಮಗ್ಗುಲಿಗೆ ತಮ್ಮ ಹೆಬ್ಬೆರಳಿನ ಉಗುರು ಇಟ್ಟು ನೋಡುತ್ತಿದ್ದರು. ಆಮೇಲೆ ತುಟಿ. ಮತ್ತೆ ಉಗುರು.

"ಚಾಚಾ, ನಿಮ್ಮ ಉಗುರ ಯಾಕ?" ಅಂತ ನಾನೊಮ್ಮೆ ಕೇಳಿದ್ದೆ.

"ಈ ಟ್ಯೂಬ್‌ಲೈಟಿನಾಗ ಮದಲಗಿತ್ತೀನೂ ಹೆಣಧಂಗ ಕಾಣ್ತಾಳವ್ವಾ. ಬೆಳಕು ಸುಳ್ಳಂದ್ರ ನನಗೂ ಸುಳ್ಳ, ಅವಂಗೂ ಸುಳ್ಳ. ಎರಡೂ ಉಗುರ ಕೂಡಿಸಿ ಇಟ್ರ ಫರಕ ಅಷ್ಟ ಉಳೀತದ. ಫರಕ ಸುಳ್ಳ ಹೇಳಾಂಗಿಲ್ಲ."

ಯಾವ ಕಾಲೇಜಿನಲ್ಲಿ ಕಲಿತಿದ್ದರು ಇದನ್ನು? ನಾಲ್ಕನೇ ಇಯತ್ತೆ ಪಾಸಾಗಿರಲಿಲ್ಲ ಪುಣ್ಯಾತ್ಮ. ಇನ್ನೊಂದು ಮಾತು ಅವರು ಹೇಳಿದ್ದು ನಾನು ಸಾಯುವತನಕ ಮರೆಯುವುದಿಲ್ಲ. "ರೋಗಿ ಕೆಮ್ಮಿದ್ರ ಹೆದರಬ್ಯಾಡ, ಒದ್ದಾಡಿದ್ರ ಹೆದರಬ್ಯಾಡ. ಸುಮ್ಮನಾದ್ನಲ್ಲಾ, ಆವಾಗ ಹೆದರು." ನನ್ನ ಕೈಕೆಳಗೆ ಬಂದ ಪ್ರತಿಯೊಬ್ಬ ನರ್ಸಿಗೂ ಇದನ್ನು ಹೇಳಿಕೊಟ್ಟಿದ್ದೇನೆ. ಯಾರ ಮಾತು ಅಂತ ಮಾತ್ರ ಯಾರಿಗೂ ಹೇಳಿಲ್ಲ.

ಮೊದಲು ಉಕ್ಕಿನ ಕೊಳವೆ ಇತ್ತು, ನೆಟ್ಟಗೆ, ದೊಣ್ಣೆಯ ಹಾಗೆ. ಎಪ್ಪತ್ತರ ಆಚೆ ನಮ್ಮ ದೊಡ್ಡ ಡಾಕ್ಟರು ವಿದೇಶಕ್ಕೆ ಹೋಗಿ ಬಂದರು, ಬರುವಾಗ ಹೊಸ ಬಗೆಯ ಕೊಳವೆ ತಂದರು. ಕಪ್ಪಗೆ, ಬೆರಳಿಗಿಂತ ಸಣ್ಣ, ಬಳ್ಳಿಯ ಹಾಗೆ ಬಾಗುವಂಥದ್ದು. ಅದರ ಒಳಗೆ ಕೂದಲಿಗಿಂತ ತೆಳುವಾದ ಗಾಜಿನ ಎಳೆಗಳು, ಅವುಗಳ ಮೂಲಕ ಬೆಳಕು ಹೋಗಿ ಚಿತ್ರ ಬರುತ್ತದೆ. ಇಡೀ ಊರಲ್ಲಿ ಅಂಥದ್ದು ಬೆರಳೆಣಿಕೆಯಷ್ಟೂ ಇರಲಿಲ್ಲ. ಡಾಕ್ಟರು ಅದನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಅವರ ಕೈ ಮಾತ್ರ ಬಂಗಾರದ್ದು, ಅದನ್ನು ಒಪ್ಪಲೇಬೇಕು. ಎಂಥ ಕಿರಿದಾದ ನಾಳದಲ್ಲೂ ನೋವಾಗದಂತೆ ಇಳಿಸುತ್ತಿದ್ದರು.

ಈಗ ಪ್ರಶ್ನೆ ಬಂದದ್ದು ಆಕ್ಸಿಜನ್ ಯಾವ ದಾರಿಯಿಂದ ಕೊಡುವುದು ಅಂತ. ಬಾಯಿಯಲ್ಲಿ ಆ ಕೊಳವೆ, ಅಂದರೆ ಸ್ಕೋಪು, ಇದೆ. ಡಾಕ್ಟರರು ವಿದೇಶದಲ್ಲಿ ನೋಡಿ ಬಂದದ್ದು ಮೂಗಿನ ನಳಿಗೆ. ಸಣ್ಣ ರಬ್ಬರ್ ನಳಿಗೆಯನ್ನು ಒಂದು ಹೊಳ್ಳೆಯಿಂದ ಗಂಟಲ ಹಿಂದಿನತನಕ ಇಳಿಸುವುದು. ಚಾಚಾ ಹೇಳಿದ್ದು ಮಾಸ್ಕು. ಮಾಸ್ಕು ಬಾಯಿ ಮೂಗು ಎರಡನ್ನೂ ಮುಚ್ಚುತ್ತದಲ್ಲ, ಸ್ಕೋಪು ಎಲ್ಲಿಂದ ಹೋಗಬೇಕು? ಚಾಚಾ ಹಳೆಯ ರಬ್ಬರ್ ಮಾಸ್ಕೊಂದನ್ನು ಮನೆಗೆ ಒಯ್ದರು. ಕುರ್ಲಾ ಸ್ಟೇಶನ್ನಿನ ಹೊರಗೆ ಕೂರುವ ಚಮ್ಮಾರನೊಬ್ಬ ಅವರ ಗೆಳೆಯ. ಇಬ್ಬರೂ ಕೂಡಿ ಮಾಸ್ಕಿನ ನಡುವೆ ತೂತು ಕೊರೆದು, ಅಂಚಿನಿಂದ ತೂತಿನವರೆಗೆ ಒಂದು ಸೀಳು ಬಿಟ್ಟು, ಸೀಳಿನ ಮೇಲೆ ಸೈಕಲ್ ಟ್ಯೂಬಿನ ತುಂಡನ್ನು ಮುಚ್ಚಳದ ಹಾಗೆ ಹೊಲಿದಿದ್ದರು. ಸ್ಕೋಪು ಒಳಗಿರುವಾಗಲೇ ಮಾಸ್ಕನ್ನು ಮಗ್ಗುಲಿನಿಂದ ಹಾಕಬಹುದು, ತೆಗೆಯಬಹುದು. ಗಾಳಿಯೂ ಹೆಚ್ಚು ಸೋರುವುದಿಲ್ಲ.

ಡಾಕ್ಟರು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದು ಚಾಚಾನ ಚಪ್ಪಲಿ" ಅಂದರು. ಎಲ್ಲರೂ ನಕ್ಕರು. ಚಾಚಾನೂ ನಕ್ಕರು. ಆಮೇಲೆ ಆ ಹೆಸರೇ ನಿಂತಿತು.

ಆದರೆ ಚಪ್ಪಲಿಯಿಂದ ಡಾಕ್ಟರಿಗೂ ಒಂದು ಉಪಯೋಗ ಕಂಡಿತು. ತಮ್ಮ ನಳಿಗೆಯೇ ಮೇಲು ಎಂದು ತೋರಿಸಲು ಪಕ್ಕದಲ್ಲಿ ಇನ್ನೊಂದು ಬೇಕಲ್ಲ! ಒಬ್ಬರಿಗೆ ನಳಿಗೆ, ಮುಂದಿನವರಿಗೆ ಚಪ್ಪಲಿ, ಸರದಿ ತಪ್ಪಬಾರದು. ರಕ್ತ ತೆಗೆದು ಆಕ್ಸಿಜನ್ ಅಳೆಯುವ ಯಂತ್ರ ಇನ್ನೊಂದು ವಿಭಾಗದಲ್ಲಿತ್ತು, ಅದು ವರ್ಷದಲ್ಲಿ ಹತ್ತು ತಿಂಗಳು ರಿಪೇರಿಯಲ್ಲಿರುತ್ತಿತ್ತು. ಹಾಗಾಗಿ ಅಳತೆ ಚಾಚಾನ ಕಣ್ಣೇ ಆಯಿತು. ಅವರು ಬಣ್ಣ ಕೂಗಬೇಕು, ನಾನು ರಿಜಿಸ್ಟರಿನಲ್ಲಿ ಬರೆಯಬೇಕು. ಅವರ ಬಣ್ಣಗಳೋ ಸಂತೆಯ ಬಣ್ಣಗಳು. "ಗುಲಾಬಿ" ಅಂದರೆ ಚೆನ್ನಾಗಿದ್ದಾನೆ, ನಾನು ಸೊನ್ನೆ ಬರೆಯುತ್ತಿದ್ದೆ. "ನೇರಳೆ" ಒಂದು. "ಬದನಿ" ಎರಡು. "ಶಾಯಿ" ಅಂದರೆ ಮೂರು, ಎಲ್ಲ ನಿಲ್ಲಿಸಿ ಆಕ್ಸಿಜನ್ ಪೂರಾ ಬಿಡಬೇಕು.

ತಿಂಗಳುಗಟ್ಟಲೆ ನಡೆಯಿತು. ಚಪ್ಪಲಿ ಹಾಕಿದವರು ಗುಲಾಬಿಯಾಗೇ ಉಳಿಯುತ್ತಿದ್ದರು, ಅಪರೂಪಕ್ಕೆ ನೇರಳೆ. ನಳಿಗೆ ಹಾಕಿದವರು ನೇರಳೆಗೆ, ಬದನೆಗೆ ಹೋಗುತ್ತಿದ್ದರು. ನಾನು ಬರೆದವಳು, ನನಗೆ ಗೊತ್ತಿಲ್ಲವೇ? ಬರೆಯುತ್ತಾ ನಾನೂ ನೋಡುತ್ತಿದ್ದೆ. ನನ್ನ ಕಣ್ಣಿಗೂ ಅದೇ ಕಾಣುತ್ತಿತ್ತು. ಡಾಕ್ಟರರ ಮುಖ ದಿನದಿನಕ್ಕೆ ಹುಳ್ಳಗಾಗತೊಡಗಿತು. ಯಾವುದೋ ದೊಡ್ಡ ಸಮ್ಮೇಳನಕ್ಕೆ ನಳಿಗೆಯೇ ಮೇಲು ಎಂದು ಸಾರಾಂಶ ಬರೆದು ಮೊದಲೇ ಕಳಿಸಿಬಿಟ್ಟಿದ್ದರಂತೆ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದ್ದರು.

ಚಾಚಾಗೆ ಈ ರಾಜಕೀಯ ಯಾವುದೂ ತಿಳಿಯುತ್ತಿರಲಿಲ್ಲ. ಅವರಿಗೆ ಒಂದೇ ಹೆಮ್ಮೆ. ಕ್ಯಾಂಟೀನಿನಲ್ಲಿ ಚಹಾ ಬಸಿಯಲ್ಲಿ ಸುರುವಿಕೊಳ್ಳುತ್ತಾ, "ಸಾಹೇಬ್ರು ಒಳಗಿಂದು ನೋಡ್ತಾರ, ನಾ ಹೊರಗಿಂದು ನೋಡ್ತೀನಿ. ಇಬ್ರೂ ಕೂಡಿ ಒಬ್ಬ ಡಾಕ್ಟರ ನೋಡವ್ವಾ," ಅನ್ನುತ್ತಿದ್ದರು. ಆ ಮಾತು ಡಾಕ್ಟರರ ಕಿವಿಗೆ ಬಿದ್ದಿತ್ತು ಅಂತ ನನಗೆ ಆಮೇಲೆ ಗೊತ್ತಾಯಿತು.

ಒಂದು ದಿನ ಭಾಂಡುಪ್‌ನ ಕಾರ್ಖಾನೆಯೊಂದರ ಕೆಲಸಗಾರ ಬಂದ. ಹರೆಯದಲ್ಲಿ ಕುಸ್ತಿ ಹಿಡಿದು ಮೂಗು ಮುರಿಸಿಕೊಂಡಿದ್ದ, ಅದು ಒಂದು ಕಡೆಗೆ ವಾಲಿ ಕೂತಿತ್ತು. ಚಾಚಾ ಹತ್ತಿಯ ಎಳೆಯೊಂದನ್ನು ಅವನ ಹೊಳ್ಳೆಗಳ ಮುಂದೆ ಹಿಡಿದು ನೋಡಿದರು. ಒಂದು ಕಡೆ ಎಳೆ ಅಲುಗಲೇ ಇಲ್ಲ, ಇನ್ನೊಂದು ಕಡೆ ಏನೋ ಒಂಚೂರು.

"ಸಾಬ್," ಅಂದರು ಹಿಂದಿಯಲ್ಲಿ, "ಇವನ ಮೂಗಲ್ಲಿ ದಾರಿ ಇಲ್ಲ. ನಳಿಗೆ ಇಳಿದರೂ ಗಾಳಿ ಹೋಗುವುದಿಲ್ಲ. ಇವನಿಗೆ ಚಪ್ಪಲಿ ಹಾಕೋಣ."

"ಇವತ್ತು ನಳಿಗೆಯ ಸರದಿ," ಅಂದರು ಡಾಕ್ಟರು. "ನಿನಗೆ ಬೇಕಾದವರಿಗೆ ಬೇಕಾದ್ದು ಹಾಕುತ್ತ ಹೋದರೆ ಅದು ಪರೀಕ್ಷೆ ಅಲ್ಲ, ತಮಾಷೆ."

ಮಾತು ತಪ್ಪಲ್ಲ. ಸರದಿ ಮುರಿದರೆ ಲೆಕ್ಕ ಕೆಡುತ್ತದೆ, ಅದು ನನಗೂ ಗೊತ್ತಿತ್ತು. ಅಂಥವನನ್ನು ಪರೀಕ್ಷೆಯಿಂದಲೇ ಬಿಡಬಹುದಿತ್ತು ಅನ್ನುವುದೂ ಗೊತ್ತಿತ್ತು. ನಾನು ಬಾಯಿ ಬಿಡಲಿಲ್ಲ.

ಇಂಜೆಕ್ಷನ್ ಆಯಿತು. ಹಲ್ಲಿನ ನಡುವೆ ಕಚ್ಚದಂತೆ ರಬ್ಬರಿನ ಬಳೆ ಇಟ್ಟರು. ಸ್ಕೋಪು ಇಳಿಯಿತು. ಮೊದಲು ಅವನು ಕೆಮ್ಮಿದ, ಒದ್ದಾಡಿದ. ಚಾಚಾ, "ನೇರಳೆ" ಅಂದರು. ನಾನು ಒಂದು ಅಂತ ಬರೆದೆ. ಸ್ವಲ್ಪ ಹೊತ್ತಿಗೆ "ಬದನಿ". ಡಾಕ್ಟರು ಕಣ್ಣು ಎತ್ತದೆ, "ಇನ್ನು ಒಂದೇ ನಿಮಿಷ" ಅಂದರು. ಆಮೇಲೆ ಆ ಮನುಷ್ಯ ಸುಮ್ಮನಾದ. ನಾನು ರಿಜಿಸ್ಟರಿನಿಂದ ತಲೆ ಎತ್ತಿದೆ. ತುಟಿ ನೋಡಿದೆ. ದೇವರಾಣೆ, ಶಾಯಿಯ ದೌತಿಯಲ್ಲಿ ಅದ್ದಿ ತೆಗೆದ ಹಾಗಿತ್ತು.

"ಶಾಯಿ! ಸಾಬ್, ಶಾಯಿ! ನಿಕಾಲೋ!"

"ಟ್ಯೂಬ್‌ಲೈಟು. ಸುಮ್ಮನಿರು."

ಚಾಚಾ ಸುಮ್ಮನಿರಲಿಲ್ಲ. ಮೂಗಿನ ನಳಿಗೆ ಕಿತ್ತೆಸೆದು, ಚಪ್ಪಲಿಯನ್ನು ಮಗ್ಗುಲಿನಿಂದ ತುರುಕಿ, ಮೀಟರನ್ನು ಪೂರಾ ತಿರುಗಿಸಿದರು. ಆ ಗಡಿಬಿಡಿಯಲ್ಲಿ ಹಲ್ಲಿನ ನಡುವಿನ ಬಳೆ ಜಾರಿತು. ಆ ಮನುಷ್ಯ ಜೀವ ಬಂದವನಂತೆ ಒಮ್ಮೆ ಎದೆತುಂಬ ಉಸಿರೆಳೆದ, ದವಡೆ ಕಚ್ಚಿದ. ಸ್ಕೋಪು ಹಲ್ಲಿಗೆ ಸಿಕ್ಕಿತು.

ನಾಲ್ಕೈದು ಉಸಿರಿಗೆ ಅವನ ತುಟಿಗೆ ಬಣ್ಣ ಬಂತು. ಚಾಚಾ ಉಗುರಿಗೆ ಉಗುರು ಇಟ್ಟು, "ಗುಲಾಬಿ" ಅಂದರು. ಯಾರೂ ಕೇಳಿಸಿಕೊಳ್ಳಲಿಲ್ಲ. ಡಾಕ್ಟರು ಸ್ಕೋಪನ್ನು ಬೆಳಕಿಗೆ ಹಿಡಿದು ಕಣ್ಣಿಟ್ಟು ನೋಡುತ್ತಿದ್ದರು. ಗಾಜಿನ ಎಳೆ ಮುರಿದ ಕಡೆಯೆಲ್ಲ ಕಪ್ಪು ಚುಕ್ಕೆ ಕಾಣುತ್ತದೆ. ಅವರು ಚುಕ್ಕೆಗಳನ್ನು ಗಟ್ಟಿಯಾಗಿ ಎಣಿಸಿದರು. ಮಗುವಿಗೆ ಪೆಟ್ಟಾದ ತಂದೆಯ ಹಾಗೆ ಮುಖ ಮಾಡಿಕೊಂಡಿದ್ದರು. ಮೇಜಿನ ಮೇಲೆ ಮಲಗಿದ್ದವನೂ ಯಾರದೋ ಮಗುವೇ ಆಗಿದ್ದ, ಆ ಕಡೆ ಯಾರ ಗಮನವೂ ಇರಲಿಲ್ಲ.

ಸ್ಕೋಪು ಹಾಳಾದದ್ದಕ್ಕೆ ವಿಚಾರಣೆ ಅಂತ ಆಯಿತು. ಅದಕ್ಕೆ ಎರಡು ದಿನ ಮೊದಲು ಡಾಕ್ಟರು ನನ್ನನ್ನು ಕೋಣೆಗೆ ಕರೆಸಿದರು. ಬೆದರಿಸಲಿಲ್ಲ, ಕುರ್ಚಿ ಕೊಟ್ಟರು. ನಾನಿನ್ನೂ ಟೆಂಪರರಿ. ಕೆಲಸ ಖಾಯಂ ಆಗಲು ಅವರ ಸಹಿ ಬೇಕಿತ್ತು. ಆ ಕಾಗದ ಅವರ ಮೇಜಿನ ಮೇಲೇ ಇತ್ತು, ಅದರ ಮೇಲೆ ಪೇಪರ್‌ವೇಟ್ ಇಟ್ಟಿದ್ದರು.

"ಸಿಸ್ಟರ್, ನೀವು ರಿಜಿಸ್ಟರ್ ಬರೆಯುತ್ತಿದ್ದಿರಿ. ಬರೆಯುವವರಿಗೆ ಮುಖ ನೋಡಲು ಎಲ್ಲಿ ಆಗುತ್ತದೆ, ಅಲ್ಲವೇ?" ಅಂದರು. ಅಷ್ಟೇ. ಹೇಳಬೇಕಾದ ಮಾತನ್ನು ಜೋಡಿಸಿ ಕೈಗೇ ಕೊಟ್ಟರು. ಬಾಯಿಪಾಠ ಮಾಡುವುದಷ್ಟೇ ನನ್ನ ಕೆಲಸ.

ಸುಪರಿಂಟೆಂಡೆಂಟರ ಕೋಣೆಯಲ್ಲಿ ಮೂರು ಜನ ಕೂತಿದ್ದರು. ಚಾಚಾ ನಿಂತಿದ್ದರು. ಒಗೆದ ಖಾಕಿ ಅಂಗಿ, ಸೊಂಟದಲ್ಲಿ ಪಾನಾ ಇರಲಿಲ್ಲ. ಉಗುರಿನ ಪಕ್ಕ ಉಗುರು ಇಟ್ಟು ನೋಡುವುದನ್ನು ಹಿಂದಿಯಲ್ಲಿ ವಿವರಿಸಹೋದರು. ತೋರಿಸಲು ಸುಪರಿಂಟೆಂಡೆಂಟರ ಕೈ ಹಿಡಿಯಹೋದರು. ಅವರು ಕೈ ಹಿಂದಕ್ಕೆಳೆದುಕೊಂಡು, "ಅಂದರೆ ನಿನ್ನ ಉಗುರೇ ನಮ್ಮ ಆಸ್ಪತ್ರೆಯ ಯಂತ್ರ ಅನ್ನು!" ಅಂದರು. ಮೂವರೂ ನಕ್ಕರು.

ಡಾಕ್ಟರು ಶಾಂತವಾಗಿ ಒಂದು ಮಾತು ಹೇಳಿದರು. "ಆ ಮನುಷ್ಯ ನಿಜವಾಗಿ ಅಷ್ಟು ನೀಲಿಗಟ್ಟಿದ್ದರೆ ಮೂರನೇ ದಿನ ತನ್ನ ಕಾಲ ಮೇಲೆ ನಡೆದು ಮನೆಗೆ ಹೋಗುತ್ತಿದ್ದನೇ?"

ಎಂಥ ನ್ಯಾಯ ನೋಡಿ! ಅವನು ಸತ್ತಿದ್ದರೆ ಚಾಚಾ ಹೇಳಿದ್ದು ಖರೆ ಆಗುತ್ತಿತ್ತು. ಚಾಚಾ ಅವನನ್ನು ಉಳಿಸಿದರು, ಅದೇ ಅವರ ತಪ್ಪಿಗೆ ಸಾಕ್ಷಿಯಾಯಿತು. ಸುಪರಿಂಟೆಂಡೆಂಟರು ತಲೆಯಾಡಿಸಿದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ ಅದು.

ಆಗ ಚಾಚಾ ನನ್ನ ಕಡೆ ತಿರುಗಿದರು. ಅವರ ಮುಖ ಅರಳಿತು. ಯಾಕೆ ಇದನ್ನು ಮೊದಲೇ ಹೇಳಲಿಲ್ಲ ಅನ್ನುವಂತೆ, "ಸಿಸ್ಟರ್‌ಬಾಯಿಗೆ ಕೇಳಿ ಸಾಬ್. ನನ್ನ ಬಾಜೂಕೇ ನಿಂತಿದ್ದರು," ಅಂದರು.

ಕೇಳಿದರು.

"ನಾನು ರಿಜಿಸ್ಟರ್ ಬರೆಯುತ್ತಿದ್ದೆ ಸರ್. ಮುಖ ನೋಡಲಿಲ್ಲ."

ಹೆದರಿದೆ. ಬೇರೆ ಯಾವ ಕಾರಣವನ್ನೂ ಹೇಳಲಾರೆ. ಆಗ ಇಪ್ಪತ್ತಾರು ವಯಸ್ಸು, ಕೆಲಸ ಹೋದರೆ ಊರಿಗೆ ಹಿಂತಿರುಗಿ ಯಾರ ಮನೆಯ ಮೂಲೆಯಲ್ಲಿ ಬಿದ್ದಿರಬೇಕೋ ಅನ್ನುವ ದಿಗಿಲು. ಅಂಥ ದಿಗಿಲು ಎಲ್ಲರಿಗೂ ಇರುತ್ತದೆ. ಚಾಚಾಗೆ ಇರಲಿಲ್ಲವೇ?

ಅವರು ಬೈಯುತ್ತಾರೆ ಅಂದುಕೊಂಡಿದ್ದೆ, ಸಿಲಿಂಡರಿಗೆ ಬೈದ ಹಾಗೆ. ಬೈಯಲಿಲ್ಲ. ನನ್ನ ಮುಖವನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ತಮ್ಮ ಕೈ ಎತ್ತಿ ತಮ್ಮ ಉಗುರುಗಳನ್ನು ನೋಡಿಕೊಂಡರು, ಕಣ್ಣು ಕಿರಿದು ಮಾಡಿ.

ಅವರ ಸರ್ವಿಸ್ ಪುಸ್ತಕದಲ್ಲಿ 'ದೃಷ್ಟಿ ಮಂದ' ಎಂದು ಬರೆದು, ಹಿತ್ತಲ ಸಿಲಿಂಡರ್ ಗೋಡೌನಿಗೆ ಹಾಕಿದರು. ಅಲ್ಲಿ ಬರೀ ಎತ್ತುವುದು, ಇಳಿಸುವುದು. ಅವರು ಕೂಗಿದ ಬಣ್ಣಗಳ ಪುಟಗಳನ್ನೆಲ್ಲ ರದ್ದು ಮಾಡಿದರು. ಹೊಸ ರಿಜಿಸ್ಟರ್ ಬಂತು, ಬಣ್ಣ ಹೇಳಲು ಆಗಷ್ಟೇ ಸೇರಿದ ಜೂನಿಯರ್ ಡಾಕ್ಟರನೊಬ್ಬ ಬಂದ. ಅವನ ಬಾಯಲ್ಲಿ ಯಾವಾಗಲೂ ಗುಲಾಬಿಯೇ. ನಾನು ಸೊನ್ನೆ, ಸೊನ್ನೆ ಅಂತ ಬರೆಯುತ್ತ ಹೋದೆ, ಮುಖಗಳನ್ನು ನೋಡುವುದನ್ನು ನಿಜವಾಗಿಯೂ ಬಿಟ್ಟೆ. ಸಮ್ಮೇಳನದಲ್ಲಿ ನಳಿಗೆ ಗೆದ್ದಿತು. ಚಪ್ಪಲಿ ಕಸದ ಡಬ್ಬಿಯಲ್ಲಿ ಬಿದ್ದಿದ್ದನ್ನು ಕಂಡೆ. ಬಗ್ಗಿ ಎತ್ತಿಕೊಳ್ಳಲಿಲ್ಲ. ಆ ವಾರವೇ ನನ್ನ ಕೆಲಸ ಖಾಯಂ ಆಯಿತು, ಖೋಲಿಯ ಗೆಳತಿಯರಿಗೆ ಪೇಡೆ ಹಂಚಿದೆ.

ಗೋಡೌನಿನ ಕಡೆ ನಾನು ಹೋಗುತ್ತಿರಲಿಲ್ಲ. ದೂರದಿಂದ ಕಂಡರೆ ಬೇರೆ ಮೆಟ್ಟಿಲು ಹಿಡಿಯುತ್ತಿದ್ದೆ. ವಾರ್ಡಿನ ಆಯಾ ಮೌಶಿಯ ಹತ್ತಿರ ಅವರು, "ನಮ್ಮ ಸಿಸ್ಟರ್‌ಬಾಯಿ ಆರಾಮ ಅದಾರ?" ಅಂತ ವಿಚಾರಿಸುತ್ತಿದ್ದರಂತೆ. ಅದನ್ನು ಕುಹಕ ಅಂದುಕೊಂಡೆ. ಕಳ್ಳನ ಮನಸ್ಸು ಹುಳ್ಳಗೆ. ಎರಡು ವರ್ಷಕ್ಕೆ ರಿಟೈರಾದರು. ಬೀಳ್ಕೊಡುಗೆಯ ದಿನ ನಾನು ರಜೆ ಹಾಕಿದೆ.

ಆಮೇಲೆ ಒಂದೇ ಸಲ ಕಂಡದ್ದು, ಕುರ್ಲಾ ಸ್ಟೇಶನ್ನಿನ ಸೇತುವೆಯ ಮೇಲೆ. ಹಾಡುಹಗಲು. ಕಟಕಟೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲನ್ನು ಕಾಲಿನಿಂದ ತಡವಿ ಇಳಿಯುತ್ತಿದ್ದರು. ಕೆಳಗೆ ನಿಂತಿದ್ದ ಲೋಕಲ್ ರೈಲು ಯಾವ ಕಡೆಯದು ಅಂತ ದಾರಿಹೋಕನನ್ನು ಕೇಳಿದರು. ದೊಡ್ಡದಾಗಿ ಬರೆದ ಬೋರ್ಡು ಅವರ ಎದುರಿಗೇ ಇತ್ತು. ಅಯ್ಯೋ, ಕಣ್ಣು ನಿಜವಾಗಿಯೂ ಹೋಗಿದೆಯಲ್ಲ ಅನ್ನಿಸಿತು. ಹೇಳಲು ನಾಚಿಕೆ, ಆ ಕ್ಷಣ ನನಗೆ ಒಂದು ಬಗೆಯ ಸಮಾಧಾನವಾಯಿತು. ಹಾಗಾದರೆ ಆವತ್ತೂ ಮಂದವಾಗಿಯೇ ಇತ್ತೋ ಏನೋ, ನಾನು ಮಾಡಿದ್ದು ಅಷ್ಟು ದೊಡ್ಡ ಪಾಪವಲ್ಲವೋ ಏನೋ ಅಂತ. ಪೇಪರ್ ಅಂಗಡಿಯ ಹಿಂದೆ ಸರಿದು ನಿಂತು, ಅವರು ಹೋದ ಮೇಲೆ ನನ್ನ ದಾರಿ ಹಿಡಿದೆ.

ಅವರು ತೀರಿಕೊಂಡ ಸುದ್ದಿ ತಂದದ್ದೂ ಮೌಶಿಯೇ. ವಿಚಾರಣೆ ನಡೆದು ಆರು ವರ್ಷವಾಗಿತ್ತು. ಈ ಸಲ ತಡೆಯಲಾಗಲಿಲ್ಲ. ಒಂದು ವಾರ ಬಿಟ್ಟು, ಮಧ್ಯಾಹ್ನದ ಹೊತ್ತು, ಮೌಶಿ ಹೇಳಿದ ಗುರುತು ಹಿಡಿದು ಕುರ್ಲಾದ ಆ ಚಾಳಿಗೆ ಹೋದೆ. ಚಾಚಿಯನ್ನು ಕಂಡದ್ದು ಅದೇ ಮೊದಲು. ಹೆಸರು ಹೇಳಿದ್ದೇ ತಡ, ಕೈ ಹಿಡಿದು ಒಳಗೆ ಕರೆದುಕೊಂಡರು.

"ಗದಗಿನ ಸಿಸ್ಟರ್‌ಬಾಯಿ! ಬರ್ರಿ, ಬರ್ರಿ ಬೇಟಿ. ನಿಮ್ಮ ಹೆಸರ ಹೇಳದ ದಿನಾ ಇರಲಿಲ್ಲ ನೋಡ್ರಿ ಈ ಮನ್ಯಾಗ."

ಚಾಪೆಯ ಮೇಲೆ ಕೂರಿಸಿ ಚಹಾ ಮಾಡಿ ಕೊಟ್ಟರು. ಕೊನೆಗೆ, "ಚಾಚಾ ನನ್ನ ಮ್ಯಾಲೆ ಭಾಳ ಸಿಟ್ಟಾಗಿದ್ರೇನ್ರಿ?" ಅಂತ ಕೇಳಿಯೇಬಿಟ್ಟೆ.

"ಸಿಟ್ಟ? ಅಲ್ಲಾ, ನಿಮ್ಮ ಮ್ಯಾಲೆ ಯಾಕ ಸಿಟ್ಟ? ಕಣ್ಣ ಹೋಗಿದ್ದು ಅವರವು." ಚಾಚಿ ಸೆರಗಿನಿಂದ ಮೂಗು ಒರೆಸಿಕೊಂಡರು. "ಅವತ್ತ ಮನಿಗೆ ಬಂದು ಎಲ್ಲಾ ಹೇಳಿದ್ರು. ನಾ ಅಂದೆ, ಆ ಸಿಸ್ಟರ್ ಹೆದರಿ ಸುಳ್ಳ ಹೇಳಿರಬೇಕು ಅಂತ. ನನ್ನ ಮ್ಯಾಲೆ ಹರಿಹಾಯ್ದ್ರು. ಆಕಿ ಸುಳ್ಳ ಹೇಳಾಕಿ ಅಲ್ಲ, ಆಕಿಗೆ ಉಗುರ ನೋಡೂದು ಕಲಿಸಿದಾಂವ ನಾ, ಖರೇನ ಶಾಯಿ ಆಗಿದ್ರ ಆಕಿ ನೋಡದ ಇರ್ತಿದ್ದಿಲ್ಲ, ಅಂದ್ರು. ಆಕಿ ತಲಿ ಎತ್ತಲಿಲ್ಲ ಅಂದಮ್ಯಾಲೆ ಶಾಯಿ ಆಗಿರಲಿಲ್ಲ, ನನ್ನ ಕಣ್ಣ ಮೋಸ ಮಾಡ್ಯಾವ, ಅಂದ್ರು."

ನಾನು ಕಪ್ಪನ್ನು ಬಿಗಿಯಾಗಿ ಹಿಡಿದೆ.

"ಕಣ್ಣಿನ ದವಾಖಾನಿಗೆ ಕರಕೊಂಡ ಹ್ವಾದ್ವಿ. ಎರಡ ಸಲ. ಡಾಕ್ಟರ್ ಅಂದಾ, ಚಾಚಾ, ನಿಮ್ಮ ಕಣ್ಣ ನನಗಿಂತಾ ಚಲೋ ಅದಾವ. ಇವರು ನಂಬಲೇ ಇಲ್ಲ. ಈ ಡಾಕ್ಟರ್ ನಿನ್ನೆ ಮೊನ್ನೆಯಾಂವ, ಸಿಸ್ಟರ್‌ಬಾಯಿ ನನ್ನ ಬಾಜೂಕ ನಿಂತಾಕಿ, ಅನ್ನಾವ್ರು. ಆಮ್ಯಾಲೆ ಬೋರ್ಡ ಓದೂದ ಬಿಟ್ರು, ರಸ್ತೆ ದಾಟಬೇಕಂದ್ರ ನನ್ನ ಕೈ ಹಿಡ್ಯಾವ್ರು. ಹೋಗ್ಲಿ, ಅದೂ ಹೋಗ್ಲಿ. ಕುಂತಲ್ಲೆ ಕುಂತು ಹಳೇ ರೋಗಿಗಳ್ನ ನೆನಿಸ್ಕೊಂಡು ಅಳಾವ್ರು. ಪರೇಲಿನ ಆ ಮುದುಕಗ ನಾ ಗುಲಾಬಿ ಅಂದಿದ್ದೆ, ಆಂವ ಮರುದಿನ ಸತ್ತ. ಜೋಗೇಶ್ವರಿಯ ಆ ಹೆಣ್ಮಗಳಿಗೂ ಗುಲಾಬಿ ಅಂದಿದ್ದೆ. ಅವರೆಲ್ಲಾ ನೀಲಿ ಇದ್ರೋ ಏನೋ, ನನ್ನ ಕುರುಡಗಣ್ಣಿಗೆ ಕಾಣಲಿಲ್ಲೋ ಏನೋ, ಎಷ್ಟ ಮಂದೀನ ನಾ ಕೊಂದೆನೋ, ಅಂತ. ಸಾಯೂ ಹೊತ್ತಿನತನಾ ಅದಽ ಮಾತು ಬೇಟಿ."

ಹೊರಗೆ ನಲ್ಲಿಯ ಹತ್ತಿರ ಯಾರೋ ಬಿಂದಿಗೆಗಾಗಿ ಕಿತ್ತಾಡುತ್ತಿದ್ದರು. ಚಾಚಿ ನನ್ನ ಕಡೆ ನೋಡಿ, ಸಮಾಧಾನ ಹೇಳುವವರಂತೆ ನನ್ನ ಮೊಣಕಾಲು ಸವರಿದರು. ನಾನು ಅಳುತ್ತಿದ್ದೆ ಅಂತ ಕಾಣುತ್ತದೆ.

"ನಾ ನೋಡಿದ್ದೆ ಚಾಚಿ," ಅಂದೆ. "ತಲಿ ಎತ್ತಿದ್ದೆ. ನೋಡಿದ್ದೆ. ಶಾಯಿನ ಆಗಿತ್ತು."

ಚಾಚಿಯ ಕೈ ನನ್ನ ಮೊಣಕಾಲ ಮೇಲೇ ಇತ್ತು, ಆಮೇಲೆ ತೆಗೆದರು.

"ಎಲ್ಲಿರ್ತೀ ನೀ?" ಅಂದರು.

"ಮಾಟುಂಗಾದಾಗ."

"ಮಾಟುಂಗಾ." ಅವರು ಬೆರಳು ಮಡಚಿದರು. "ಸಾಯನ್, ಮಾಟುಂಗಾ. ಎರಡ ಸ್ಟೇಶನ್. ಆರು ವರ್ಷದಾಗ ಎರಡ ಸ್ಟೇಶನ್ ಬಂದು ಈ ಮಾತ ಅವರಿಗೆ ಹೇಳಾಕ ಆಗಲಿಲ್ಲೇನ ನಿನಗ?"

ಅರ್ಧ ಚಹಾ ಇನ್ನೂ ಇತ್ತು. ನನ್ನ ಕೈಯಿಂದ ಕಪ್ಪು ಬಸಿ ತೆಗೆದುಕೊಂಡು ಹೋಗಿ ಮೋರಿಯಲ್ಲಿ ಸುರಿದರು.